ಮೊದಲ ತಾಲೀಮು ಅಪ್ಪನಿಗೆ

ಹಟಮಾರಿ ಮಗುವಿನ ಪಾತ್ರವಿರುವ ನಾಟಕ ಕಲಿಸುವವರು ತಾಲೀಮನ್ನು ಅಪ್ಪನ ಪಾತ್ರದಿಂದ ಶುರು ಮಾಡಬೇಕು. ಇದು ನನಗೆ ಮನದಟ್ಟಾದದ್ದು ಶಿರಹಟ್ಟಿಯ ಒಂದು ಬೇಸಿಗೆ ಶಿಬಿರದಲ್ಲಿ, ಹೈಸ್ಕೂಲು ಮತ್ತು ಅದಕ್ಕಿಂತ ಸಣ್ಣ ತರಗತಿಯ ಮಕ್ಕಳಿಗೆ ಹಾಡುಗಳ ನಾಟಕವೊಂದನ್ನು ಕಲಿಸುವಾಗ.

ನಾವು ಆರಿಸಿಕೊಂಡ ಕಥೆ ದೂರದ ದೇಶದ್ದು. ರೋಆಲ್ಡ್ ಡಾಲ್ 1964ರಲ್ಲಿ ಪ್ರಕಟಿಸಿದ ‘ಚಾರ್ಲಿ ಅಂಡ್ ದ ಚಾಕ್ಲೇಟ್ ಫ್ಯಾಕ್ಟರಿ’. ಅದರಲ್ಲಿ ವೆರೂಕಾ ಸಾಲ್ಟ್ ಎಂಬ ಶ್ರೀಮಂತರ ಮಗಳಿದ್ದಾಳೆ. ಕೇಳಿದ್ದು ಕೈಗೆ ಬರುವವರೆಗೆ ನೆಲಕ್ಕೆ ಬಿದ್ದು ಕಾಲು ಬಡಿಯುವವಳು. ಆಕೆಯ ಅಪ್ಪನದು ಶೇಂಗಾ ವ್ಯಾಪಾರ. ಚಾಕ್ಲೇಟ್ ಪೊಟ್ಟಣದೊಳಗೆ ಅಡಗಿರುವ ಬಂಗಾರದ ಚೀಟಿ ಬೇಕೆಂದು ಮಗಳು ಹಟ ಹಿಡಿದಾಗ ಆತ ಲಾರಿಗಟ್ಟಲೆ ಚಾಕ್ಲೇಟ್ ತರಿಸಿ, ಶೇಂಗಾ ಸುಲಿಯುವ ಹೆಣ್ಣುಮಕ್ಕಳನ್ನು ಆ ಕೆಲಸ ಬಿಡಿಸಿ ಪೊಟ್ಟಣ ಬಿಚ್ಚಲು ಕೂರಿಸುತ್ತಾನೆ. ಚೀಟಿ ಸಿಗುವುದು ಕೂಲಿ ಹೆಣ್ಣುಮಗಳೊಬ್ಬಳ ಕೈಗೆ. ಸೇರುವುದು ಸಾಹುಕಾರನ ಮಗಳಿಗೆ. ಶೇಂಗಾ ಬಿತ್ತುವ, ಒಕ್ಕುವ, ಸುಲಿಯುವ ಸೀಮೆಯ ಮಕ್ಕಳಿಗೆ ಈ ಭಾಗವನ್ನು ನಾನು ಬಿಡಿಸಿ ಹೇಳಬೇಕಾಗಲೇ ಇಲ್ಲ. ವೆರೂಕಾ ನಮ್ಮ ನಾಟಕದಲ್ಲಿ ಶೇಂಗಾ ಮಿಲ್ಲಿನ ಸಾಹುಕಾರನ ಮಗಳಾದಳು. ಡಬ್ಬಿಯೊಳಗೆ ಒಣ ಕಾಯಿ ಹಾಕಿ ಅಲ್ಲಾಡಿಸಿದರೆ ಬರುವ ಸಪ್ಪಳವೇ ಸುಲಿಯುವವರ ಹಾಡಿಗೆ ತಾಳವಾಯಿತು.

ಹುಡುಗಿಯ ಪಾತ್ರಕ್ಕೆ ಬಂದವಳು ಚುರುಕಾಗಿದ್ದಳು. ಕಾಲು ಬಡಿಯುವುದು, ಕೂದಲು ಕೆದರಿಕೊಳ್ಳುವುದು ಎಲ್ಲವನ್ನೂ ಮೊದಲ ದಿನವೇ ಮಾಡಿ ತೋರಿಸಿದಳು. ಆದರೂ ದೃಶ್ಯ ಕೂಡಿಬರಲಿಲ್ಲ. ಅಡಚಣೆ ಇದ್ದದ್ದು ಅಪ್ಪನ ಪಾತ್ರದ ಹುಡುಗನಲ್ಲಿ. “ಅಪ್ಪಾ, ನನಗ ಈಗಿಂದೀಗ ಬೇಕು!” ಎಂದು ಆಕೆ ಚೀರಿದ ಕೂಡಲೇ ಅವನು, “ಏ, ಸುಮ್ಮ ಕುಂದ್ರು, ಬಡೀತೇನಿ ನೋಡು” ಎಂದುಬಿಡುತ್ತಿದ್ದ. ಮಾತು ಬಾಯಿಪಾಠವಿತ್ತು, ಆದರೆ ಕೈ ತಾನಾಗಿ ಮೇಲೇಳುತ್ತಿತ್ತು. ಬೇರೆ ಹುಡುಗನನ್ನು ನಿಲ್ಲಿಸಿದೆ. ಅವನದೂ ಅದೇ ಕೈ. ಮಗಳ ಹಟಕ್ಕೆ ಹೆದರುವ ಅಪ್ಪ ಹೇಗಿರುತ್ತಾನೆ ಎಂಬುದನ್ನು ಆ ಹುಡುಗರು ಕಂಡೇ ಇರಲಿಲ್ಲ. ಎದುರಿಗಿದ್ದವನು ಮಣಿಯದಿದ್ದಾಗ ಹುಡುಗಿಯ ಹಟವೆಲ್ಲ ಬರೀ ಗದ್ದಲವಾಗಿ ಕೇಳಿಸುತ್ತಿತ್ತು. ಸೊಕ್ಕಿನ ಮಗು ರಂಗದ ಮೇಲೆ ಹುಟ್ಟುವುದು ಕೊಡುವವನ ಮುಖದಲ್ಲಿ ಎಂಬುದು ನನಗೆ ಕಂಡದ್ದು ಆಗ.

“ನಿಮ್ಮ ಮನ್ಯಾಗ ನೀವು ಕೇಳಿದ್ದಕ್ಕ ಇಲ್ಲ ಅನ್ನದವರು ಯಾರಿದ್ದಾರ?” ಎಂದು ಎಲ್ಲರನ್ನೂ ಕೂರಿಸಿಕೊಂಡು ಕೇಳಿದೆ. “ಅಜ್ಜ” ಎಂದವನು ಆ ಮೊದಲನೆಯ ಹುಡುಗನೇ. ಸಂತೆಗೆ ಹೋದಾಗ ಅಜ್ಜ ಏನು ಮಾಡುತ್ತಾನೆಂದು ಮಾಡಿ ತೋರಿಸು ಅಂದೆ. ಹುಡುಗ ಎದ್ದು ನಿಂತ, ಅಂಗಿಯ ಒಳಜೇಬಿಗೆ ಕೈ ಹಾಕಿದ, ಆ ಕಡೆ ಈ ಕಡೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಣ್ಣಾಡಿಸಿದ, ನೋಟನ್ನು ಸಣ್ಣಗೆ ಮಡಚಿ ಮೊಮ್ಮಗನ ಮುಷ್ಟಿಯೊಳಗೆ ತುರುಕಿದ. “ನಿಮ್ಮವ್ವಗ ಹೇಳಬ್ಯಾಡ.” ಇಡೀ ಗುಂಪು ನಕ್ಕಿತು. ನಮಗೆ ಬೇಕಾಗಿದ್ದ ಸಾಹುಕಾರ ಅಲ್ಲಿ ನಿಂತಿದ್ದ. ಅದೇ ಕಣ್ಣಾಟ, ಅದೇ ಅವಸರದ ಕೈಯನ್ನು ಇಟ್ಟುಕೊಂಡು ಅವನಿಗೆ ಜರತಾರಿ ಪಟಕಾ ಸುತ್ತಿದೆವು. ಮರುದಿನದಿಂದ ಹುಡುಗಿ ಅಷ್ಟೊಂದು ಚೀರಬೇಕಾಗಲಿಲ್ಲ. ಬೆರಳು ತೋರಿಸಿದರೆ ಸಾಕು, ಸಾಹುಕಾರ ಬೆವರುತ್ತಿದ್ದ. ಗೊಂಬೆ ಕೈಗೆ ಬಂದಾಗ ಅದರ ಕಡೆ ನೋಡದೆ ಆಳಿನ ಕೈಗೆ ಕೊಟ್ಟು, ಕಣ್ಣನ್ನು ಮುಂದಿನ ವಸ್ತುವಿನ ಮೇಲೆ ಇಡುವುದನ್ನು ಆಕೆಯೇ ಕಂಡುಕೊಂಡಳು. ಅದನ್ನು ನಾನು ಕಲಿಸಿದ್ದಲ್ಲ.

ಹಾಡಿನಲ್ಲೂ ಇದೇ ಸೂತ್ರ ಹಿಡಿದೆವು. ಮಗಳದು ಮೇಲಿನ ಷಡ್ಜದಲ್ಲಿ ಹಿಡಿದು ನಿಲ್ಲುವ ಒಂದೇ ಸ್ವರ. ಅಪ್ಪನ ಸಾಲು ಪಂಚಮದಿಂದ ಹೊರಟು ಪ್ರತಿ ಸಲವೂ ಒಂದೊಂದು ಸ್ವರ ಕೆಳಗಿಳಿಯುತ್ತದೆ. ಕಾಲು ಬಡಿಯುತ್ತ ಹಾಡಿದರೆ ಉಸಿರು ಹಾರಿ ಶ್ರುತಿ ತಪ್ಪುತ್ತದೆ. ಅದಕ್ಕೇ ಸ್ವರ ಹಿಡಿದಿರುವಷ್ಟು ಹೊತ್ತು ಮೈ ಕದಲದೆ, ಸಾಲು ಮುಗಿದ ಮೇಲೆ ಸಮ್‌ಗೆ ಸರಿಯಾಗಿ ಕಾಲು ಬೀಳುವಂತೆ ಕೂಡಿಸಿದೆವು. ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರು ಹುಡುಗಿಗೆ ಹೇಳಿದ್ದು ಒಂದೇ ಮಾತು: “ಅಳೂದೂ ಶ್ರುತಿಯೊಳಗ ಇರಬೇಕವ್ವ.” ಲಂಡನ್ನಿನ ಡ್ರೂರಿ ಲೇನ್ ಥಿಯೇಟರಿನಲ್ಲಿ 2013ರಲ್ಲಿ ಈ ಕಥೆ ದೊಡ್ಡ ಸಂಗೀತ ನಾಟಕವಾಯಿತು. ಅಲ್ಲಿಯೂ ವೆರೂಕಾಳನ್ನು ಪರಿಚಯಿಸುವ ಹಾಡಿನ ಹೆಚ್ಚಿನ ಭಾರ ಹೊರುವವನು ಅವಳ ಅಪ್ಪ. ಮಾರ್ಕ್ ಶೈಮನ್ ರಾಗ ಹಾಕಿದ ಆ ನಾಟಕದ ಈ ಸಂಗತಿ ನನಗೆ ತಿಳಿದದ್ದು ನಮ್ಮ ಪ್ರಯೋಗ ಮುಗಿದ ಮೇಲೆ. ತುಂಬ ಸಂತೋಷವಾಯಿತು.

ನಮ್ಮ ಕಂಪನಿ ನಾಟಕದವರಿಗೆ ಇದು ಎಂದೋ ಗೊತ್ತಿತ್ತು. ಶಿರಹಟ್ಟಿ ವೆಂಕೋಬರಾಯರ ಮಂಡಳಿ, ಗದುಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ನಡೆದ ನೆಲ ಇದು. ಹಾಡಿಲ್ಲದ ನಾಟಕವನ್ನು ನಾಟಕವೆಂದು ಒಪ್ಪದ ಪ್ರೇಕ್ಷಕರಿದ್ದ ಊರುಗಳಿವು. ಗುಬ್ಬಿ ಕಂಪನಿಗಾಗಿ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದ ‘ಸದಾರಮೆ’ಯಲ್ಲಿ ಜಿಪುಣ ಬಂಗಾರಶೆಟ್ಟಿಯೂ ಅವನ ದಡ್ಡ ಮಗ ಆದಿಮೂರ್ತಿಯೂ ಜೋಡಿಯಾಗಿಯೇ ಬರುತ್ತಾರೆ. ಜನ ಇಂದಿಗೂ ನೆನೆಯುವುದು ವೀರಣ್ಣನವರ ಕಳ್ಳನ ಪಾತ್ರವನ್ನು. ನನಗೆ ಮಾತ್ರ ಆ ಅಪ್ಪ-ಮಗನ ಜೋಡಿಯೇ ನಾಟಕದ ಕೀಲು. ದುರಾಸೆಯ ಅಪ್ಪನಿಲ್ಲದೆ ಆದಿಮೂರ್ತಿ ಬರೀ ಪೆದ್ದ.

ಮುಂದೆ ಬಂದ ಸಾಮಾಜಿಕ ನಾಟಕಗಳಲ್ಲಿ, ಸಿನಿಮಾಗಳಲ್ಲಿ ಸಿರಿವಂತರ ಮಗಳ ಸೊಕ್ಕು ಮುರಿಯುವುದೇ ಆಟವಾಯಿತು. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಸಿನಿಮಾ ಆದಾಗ ಮಂಜುಳಾ ಮಾಡಿದ ಗಯ್ಯಾಳಿ ಹುಡುಗಿಯನ್ನು ಮರೆತವರಿಲ್ಲ. ಅವರ ಅಭಿನಯ ನನಗೂ ಅಚ್ಚುಮೆಚ್ಚು. ಆದರೆ ಹುಡುಗಿಯನ್ನು ಬಗ್ಗಿಸಿದಾಗ ಬೀಳುವ ಚಪ್ಪಾಳೆ ನನಗೆ ಹಿಡಿಸುವುದಿಲ್ಲ. ಅವಳನ್ನು ಹಾಗೆ ಬೆಳೆಸಿದವರಿಗೆ ಆ ಚಪ್ಪಾಳೆಯ ಬಿಸಿ ತಾಗುವುದೇ ಇಲ್ಲ.

ಡಾಲ್ ಇಲ್ಲಿ ನ್ಯಾಯವಾಗಿ ನಡೆದುಕೊಂಡಿದ್ದಾನೆ. ಫ್ಯಾಕ್ಟರಿಯಲ್ಲಿ ಕಾಯಿ ಒಡೆಯುವ ಅಳಿಲುಗಳಿವೆ. ಒಂದು ಅಳಿಲು ತನಗೇ ಬೇಕೆಂದು ವೆರೂಕಾ ಒಳಗೆ ನುಗ್ಗುತ್ತಾಳೆ. ಅವು ಆಕೆಯ ತಲೆ ತಟ್ಟಿ ನೋಡಿ, ಕೆಟ್ಟ ಕಾಯಿ ಎಂದು ತೀರ್ಮಾನಿಸಿ ಕಸದ ಕೊಳವೆಗೆ ತಳ್ಳುತ್ತವೆ. ಹಿಂದೆಯೇ ಅವ್ವ, ಅಪ್ಪ ಇಬ್ಬರೂ ಬೀಳುತ್ತಾರೆ. ನಮ್ಮ ಮಕ್ಕಳು ಇದನ್ನು ಓದಿದಾಗ ಸಾಹುಕಾರನ ಪಾತ್ರದವನು, “ಸರ, ನಾ ಏನ್ ಮಾಡೇನಿ? ಕೇಳಿದ್ದೆಲ್ಲಾ ಕೊಟ್ಟೇನಲ್ಲ?” ಎಂದು ಜಗಳಕ್ಕೆ ನಿಂತ. ಅದಕ್ಕೆ ಉತ್ತರ ಕೊಟ್ಟವಳು ಶೇಂಗಾ ಸುಲಿಯುವವರ ಗುಂಪಿನ ಒಂದು ಸಣ್ಣ ಹುಡುಗಿ: “ಚೀಟಿ ನಮಗ ಸಿಕ್ಕಿತ್ತು. ಅಕೀಗ್ಯಾಕ ಕೊಟ್ಟಿ?”

ಆ ಪ್ರಶ್ನೆಯನ್ನು ಹಾಗೇ ನಾಟಕದೊಳಗೆ ಸೇರಿಸಿದೆವು. ಪ್ರಯೋಗದ ದಿನ ಅಳಿಲುಗಳು ಮೊದಲು ಸಾಹುಕಾರನ ಪಟಕಾ ಬಿಚ್ಚಿ ತಲೆ ತಟ್ಟಿದವು. “ಜೊಳ್ಳು!” ಎಂದು ಮಕ್ಕಳು ಕೂಗುವ ಮೊದಲೇ ಕೆಳಗೆ ಕೂತಿದ್ದ ಹೆಣ್ಣುಮಕ್ಕಳು ಕೂಗಿದರು.

ಶಾಲೆಯ ಸ್ನೇಹಸಮ್ಮೇಳನಕ್ಕೆ ಇಂಥ ನಾಟಕ ಆಡಿಸುವ ಶಿಕ್ಷಕರಲ್ಲಿ, ಊರ ಜಾತ್ರೆಗೆ ನಾಟಕ ಹಚ್ಚುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ಹೊತ್ತು ಸಾಲದೆಂದು ಎಲ್ಲಾದರೂ ಕತ್ತರಿ ಹಾಕುವುದಿದ್ದರೆ ಮಗಳ ಕುಣಿತಕ್ಕೆ ಹಾಕಿ. ಅಪ್ಪನ ಹಾಡನ್ನು ಪೂರ್ತಿ ಉಳಿಸಿಕೊಳ್ಳಿ.