ಎಂಜಿನ್ ಆಯಿಲ್ ಸೋರಿಕೆಗೆ ಕಡಿಮೆ ಖರ್ಚಿನ ಉಪಾಯಗಳು

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಮುಂಗಾರಿಗೆ ಮುನ್ನ ಮಳೆ ಬಿದ್ದೊಡನೆ ಅರಿಶಿನ, ಸೂರ್ಯಕಾಂತಿ ಬೆಳೆಗಳಿಗೆ ಉಳುಮೆ ಆರಂಭವಾಗುತ್ತದೆ. ಈ ಹದದಲ್ಲಿ ಟ್ರ್ಯಾಕ್ಟರ್ ನಿಂತರೆ ಬಿತ್ತನೆಯೇ ತಪ್ಪೀತು. ನಿಮಿಷಕ್ಕೆ 20 ಹನಿ ಆಯಿಲ್ ಸೋರಿದರೂ 8 ಗಂಟೆಗಳಲ್ಲಿ ಸುಮಾರು ಅರ್ಧ ಲೀಟರ್ ನಷ್ಟವಾಗುತ್ತದೆ.

ಸೋರುವ ಜಾಗದ ಪತ್ತೆ: ತಣ್ಣಗಿರುವ ಎಂಜಿನ್ನಿನ ಹೊರಮೈಯನ್ನು ಡೀಸೆಲ್ ಅದ್ದಿದ ಬ್ರಷ್ಷಿನಿಂದ ಉಜ್ಜಿ ಒರೆಸಿರಿ. ಪೂರ್ತಿ ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಸವರಿ, 10 ನಿಮಿಷ ನಡೆಸಿ, ನಿಲ್ಲಿಸಿ ನೋಡಿರಿ. ಆಯಿಲ್ ಕೆಳಕ್ಕೆ ಹರಿಯುವುದರಿಂದ, ಪುಡಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೇ ಸೋರಿಕೆಯ ಮೂಲ.

ಉಪಚಾರ:

1. ಬ್ರೀದರ್ ಕೊಳವೆ ಧೂಳು, ಜಿಡ್ಡಿನಿಂದ ಕಟ್ಟಿಕೊಂಡರೆ ಒಳಗಿನ ಒತ್ತಡ ಹೆಚ್ಚಿ ಆಯಿಲ್ ಹೊರಬರುತ್ತದೆ. ಮೊದಲು ಇದನ್ನು ಶುಚಿಮಾಡಿರಿ, ಖರ್ಚಿಲ್ಲ.

2. ಅಳತೆ ಕಡ್ಡಿಯ ಮೇಲಿನ ಗುರುತು ಮೀರಿ ಆಯಿಲ್ ತುಂಬಬೇಡಿರಿ.

3. ಟ್ಯಾಪೆಟ್ ಕವರ್ ಹಾಗೂ ಆಯಿಲ್ ಸಂಪಿನ ಬೋಲ್ಟುಗಳನ್ನು ಎದುರುಬದುರಾಗಿ, ಸಮನಾಗಿ ಬಿಗಿಮಾಡಿರಿ. ಬಿಗಿ ಅತಿಯಾದರೆ ಪ್ಯಾಕಿಂಗ್ ಹರಿಯುತ್ತದೆ. ಆಮೇಲೂ ಸೋರಿದರೆ ಪ್ಯಾಕಿಂಗ್ ಬದಲಿಸಿರಿ.

4. ಆಯಿಲ್ ಬದಲಿಸುವಾಗಲೆಲ್ಲ ಡ್ರೈನ್ ಪ್ಲಗ್ಗಿಗೆ ಹೊಸ ವಾಷರ್ ಹಾಕಿರಿ.

ಫ್ಲೈವೀಲ್ ಬದಿಯ ಕ್ರ್ಯಾಂಕ್ ಸೀಲ್ ಸೋರಿದರೆ ಮಾತ್ರ ಟ್ರ್ಯಾಕ್ಟರನ್ನು ನಡುವೆ ಬಿಚ್ಚಬೇಕಾಗುವುದರಿಂದ ಕೂಲಿ ಹೆಚ್ಚು. ಸೋರಿಕೆ ಅಲ್ಪವಾಗಿದ್ದು ಕ್ಲಚ್ ಜಾರದಿದ್ದರೆ, ದಿನವೂ ಮಟ್ಟ ನೋಡಿ ಅದೇ ದರ್ಜೆಯ ಆಯಿಲ್ ತುಂಬುತ್ತಾ ಉಳುಮೆ ಮುಗಿಸಿ, ಬಿಡುವಿನಲ್ಲಿ ರಿಪೇರಿ ಮಾಡಿಸಬಹುದು. ಆದರೆ ಆಯಿಲ್ ಒತ್ತಡದ ಮುಳ್ಳು ಇಳಿದರೆ ಅಥವಾ ಕೆಂಪು ದೀಪ ಹೊತ್ತಿದರೆ ಆ ಕ್ಷಣವೇ ಎಂಜಿನ್ ನಿಲ್ಲಿಸಿರಿ. ಆಯಿಲ್ ಇಲ್ಲದೆ ನಡೆದರೆ ಬೇರಿಂಗ್, ಕ್ರ್ಯಾಂಕ್ ಶಾಫ್ಟ್ ಸವೆದು, ವಾಷರಿನಲ್ಲಿ ಮುಗಿಯುವ ಖರ್ಚು ಎಂಜಿನ್ನಿನ ಬೆಲೆಗೇ ಬಂದೀತು.