ನಾಯಿಮರಿ ಬಂತು, ಸೀನೂ ಬಂತು

ಕೊಡಿಗೇಹಳ್ಳಿಯ ಮನೆಗೆ ನಾಯಿಮರಿ ಬಂದ ವಾರದಲ್ಲೇ ಸೀನು, ಕಣ್ಣುರಿ ಶುರುವಾಯಿತೆಂದು ಅದನ್ನು ಯಾರಿಗೋ ಕೊಟ್ಟುಬಿಡಬೇಡಿ, ಬೀದಿಗಂತೂ ಬಿಡಲೇಬೇಡಿ. ಮೊದಲು ಅಲರ್ಜಿ ತಜ್ಞರ ಬಳಿ ಚರ್ಮದ ಪರೀಕ್ಷೆ ಮಾಡಿಸಿ. ಖಾಲಿ ಸೈಟುಗಳಲ್ಲಿ ಪಾರ್ಥೇನಿಯಂ, ರಸ್ತೆ ತುಂಬ ದೂಳು. ತಪ್ಪು ನಾಯಿಯದೇ ಎಂದು ಹೇಗೆ ಹೇಳುವುದು?

ನಾಯಿಯದೇ ಆದರೂ ಕೂದಲನ್ನು ದೂರಬೇಡಿ. ಕಾಡುವುದು ಅದರ ಜೊಲ್ಲು, ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನು. ಹಾಗಾಗಿ ಮೈ ಬೋಳಿಸಿ ಪ್ರಯೋಜನವಿಲ್ಲ. ‘ಅಲರ್ಜಿ ಬರದ ತಳಿ’ ಎಂದು ಹೆಚ್ಚು ಹಣ ಕೇಳುವವರನ್ನೂ ನಂಬಬೇಡಿ. ನುಣುಪು ಮೈಯ ಮುಧೋಳ ನಾಯಿಯೂ ಇದಕ್ಕೆ ಹೊರತಲ್ಲ. ಕೆಲವರಿಗೆ ಗಂಡುನಾಯಿಯ ಪ್ರಾಸ್ಟೇಟ್‌ನಲ್ಲಿ ತಯಾರಾಗುವ ಪ್ರೋಟೀನೊಂದೇ ಆಗುವುದಿಲ್ಲ. ಅಂಥವರಿಗೆ ಹೆಣ್ಣುನಾಯಿ ಒಗ್ಗಬಹುದು.

ಮಲಗುವ ಕೋಣೆಗೆ ಮಾತ್ರ ಬಿಟ್ಟುಕೊಳ್ಳಬೇಡಿ, ಎಷ್ಟೇ ಕುಂಯ್‌ಗುಟ್ಟಲಿ. ಒಣ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ. ಮೈ ಬಾಚುವುದನ್ನು ಅಲರ್ಜಿ ಇಲ್ಲದವರು ಹೊರಗೆ ಮಾಡಲಿ. ಸ್ನಾನ ಮಾಡಿಸಿದ ಫಲ ಕೆಲವೇ ದಿನ ನಿಲ್ಲುತ್ತದೆ. ಆದರೆ ಮರಿಯ ಚರ್ಮ ನಾಜೂಕು, ಎಷ್ಟು ಸಲ ಮಾಡಿಸಬಹುದೆಂದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ವೈದ್ಯರನ್ನು ಕೇಳಿ. ನಿಮಗೆ ಎದೆ ಸುಯ್‌ಗುಟ್ಟಿದರೆ, ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.