ಚಳಿಗಾಲದ ಸುಂಟರಗಾಳಿಗಳು: ಅವು ಹುಟ್ಟುವ ಸನ್ನಿವೇಶ ಮತ್ತು ಬೋಧನಾ ಕ್ರಮ

ಪೀಠಿಕೆ

ಭೂಗೋಳದ ತರಗತಿಯಲ್ಲಿ ಸುಂಟರಗಾಳಿಯ ವಿಷಯ ಬಂದಾಗ ಸಾಮಾನ್ಯವಾಗಿ ಒಂದು ವಾಕ್ಯವನ್ನು ಬರೆಸಲಾಗುತ್ತದೆ: ‘ಅಮೆರಿಕ ಸಂಯುಕ್ತ ಸಂಸ್ಥಾನದ ಮಧ್ಯದ ಬಯಲುಗಳಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಸುಂಟರಗಾಳಿಗಳು ಏಳುತ್ತವೆ.’ ಈ ವಾಕ್ಯ ತಪ್ಪಲ್ಲ. ಅಲ್ಲಿ ಅವುಗಳ ಸಂಖ್ಯೆ ಅತಿ ಹೆಚ್ಚಾಗಿರುವುದು ಆ ತಿಂಗಳುಗಳಲ್ಲಿಯೇ. ಆದರೆ ಇದನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯು, ಚಳಿಗಾಲದಲ್ಲಿ ಸುಂಟರಗಾಳಿ ಏಳುವುದೇ ಇಲ್ಲ ಎಂಬ ಮತ್ತೊಂದು ವಾಕ್ಯವನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಅದು ತಪ್ಪು. 2021ರ ಡಿಸೆಂಬರ್ 10ರ ರಾತ್ರಿ ಕೆಂಟಕಿ ರಾಜ್ಯವನ್ನು ಹಾದುಹೋದ ಒಂದೇ ಸುಂಟರಗಾಳಿಗೆ 57 ಜನರು ಬಲಿಯಾದರು.

ಸುಂಟರಗಾಳಿಗೆ ತಿಂಗಳು ಕಾರಣವಲ್ಲ. ವಾತಾವರಣದ ಕೆಲವು ಸ್ಥಿತಿಗಳು ಕಾರಣ. ಆ ಸ್ಥಿತಿಗಳು ಒಂದೆಡೆ ಕೂಡಿದರೆ ಜನವರಿಯಲ್ಲಿಯೂ ಅದು ಏಳಬಲ್ಲದು. ಈ ತಿಳಿವಳಿಕೆಯನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳಲ್ಲಿ ಮೂಡಿಸುವುದೇ ಈ ಪಾಠದ ಉದ್ದೇಶ.

ಪದಗಳ ವಿಷಯದಲ್ಲಿ ಎಚ್ಚರ

ಕನ್ನಡದಲ್ಲಿ ‘ಸುಂಟರಗಾಳಿ’ ಎಂಬ ಪದವು ಎರಡು ಬೇರೆ ಬೇರೆ ಸಂಗತಿಗಳನ್ನು ಸೂಚಿಸುತ್ತದೆ. ಬೇಸಗೆಯ ಮಧ್ಯಾಹ್ನ ಬಯಲಿನಲ್ಲಿ ದೂಳು, ತರಗೆಲೆಗಳನ್ನು ಸುತ್ತಿಸುತ್ತ ಏಳುವ ಗಾಳಿಗೂ ಅದೇ ಹೆಸರು. ಪಠ್ಯಪುಸ್ತಕದ ಟಾರ್ನೆಡೊಗೂ ಅದೇ ಹೆಸರು. ಆದೋನಿ, ರಾಯದುರ್ಗದ ಕಡೆಯ ಮಕ್ಕಳು ‘ನಮ್ಮ ಹೊಲದಲ್ಲಿಯೂ ಸುಂಟರಗಾಳಿ ಬರುತ್ತದೆ’ ಎಂದರೆ ಅವರು ಹೇಳುವುದು ಮೊದಲನೆಯದನ್ನು. ಅದನ್ನು ತಪ್ಪೆಂದು ತಳ್ಳಿಹಾಕದೆ ವ್ಯತ್ಯಾಸವನ್ನು ವಿವರಿಸಬೇಕು. ದೂಳಿನ ಸುಳಿಯು ನಿರಭ್ರವಾದ ಆಕಾಶದ ಕೆಳಗೆ, ಕಾದ ನೆಲದಿಂದ ಮೇಲೇಳುತ್ತದೆ. ಅದಕ್ಕೆ ಮೋಡ ಬೇಕಿಲ್ಲ. ಟಾರ್ನೆಡೊ ಎಂಬುದು ಮಳೆಮೋಡದ ತಳದಿಂದ ನೆಲದವರೆಗೆ ಚಾಚಿ, ನೆಲವನ್ನು ಮುಟ್ಟಿ ತಿರುಗುವ ಗಾಳಿಯ ಕಂಬ.

ನೆರೆಭಾಷೆಗಳೊಡನೆ ಬೆಳೆಯುವ ಮಕ್ಕಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಮಲಯಾಳದ ‘ಚುಳಲಿಕ್ಕಾಟ್ಟು’ ಎಂಬ ಪದವು ಕಡಲಿನಲ್ಲಿ ಹುಟ್ಟುವ ಚಂಡಮಾರುತಕ್ಕೂ ಬಳಕೆಯಾಗುತ್ತದೆ. ಮರಾಠಿಯ ‘ವಾವಟಳ’, ತೆಲುಗಿನ ‘ಸುಡಿಗಾಲಿ’ ಎಂದೊಡನೆ ನೆನಪಾಗುವುದು ದೂಳಿನ ಸುಳಿ. ಆದ್ದರಿಂದ ಪಾಠದ ಆರಂಭದಲ್ಲಿಯೇ ದೂಳಿನ ಸುಳಿ, ಸುಂಟರಗಾಳಿ, ಚಂಡಮಾರುತ ಎಂಬ ಮೂರು ಶೀರ್ಷಿಕೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಮಕ್ಕಳು ಬಲ್ಲ ಪದಗಳನ್ನು ಅವುಗಳ ಕೆಳಗೆ ಹೊಂದಿಸುವುದು ಲೇಸು. ಮುಂದೆ ಈ ಲೇಖನದಲ್ಲಿ ‘ಸುಂಟರಗಾಳಿ’ ಎಂದರೆ ಟಾರ್ನೆಡೊ ಎಂದೇ ಅರ್ಥ.

ನಾಲ್ಕು ಅಗತ್ಯಗಳು

ಪ್ರಬಲವಾದ ಸುಂಟರಗಾಳಿ ಹುಟ್ಟುವ ಗುಡುಗುಮೋಡಕ್ಕೆ ನಾಲ್ಕು ಅಗತ್ಯಗಳಿವೆ.

1. ತೇವಾಂಶ. ನೆಲಕ್ಕೆ ಹತ್ತಿರದ ಗಾಳಿಯಲ್ಲಿ ನೀರಾವಿ ಸಾಕಷ್ಟಿರಬೇಕು. ನೀರಾವಿ ಹನಿಗಟ್ಟುವಾಗ ಹೊರಬೀಳುವ ಶಾಖವೇ ಮೋಡವನ್ನು ಮೇಲಕ್ಕೆ ಬೆಳೆಸುತ್ತದೆ.

2. ಅಸ್ಥಿರತೆ. ಕೆಳಗಿನ ಗಾಳಿ ಬೆಚ್ಚಗಿದ್ದು, ಮೇಲೆ ಹೋದಂತೆ ಉಷ್ಣಾಂಶ ಬೇಗಬೇಗನೆ ಇಳಿಯಬೇಕು. ಆಗ ಮೇಲೆದ್ದ ಗಾಳಿಯು ಸುತ್ತಲಿನ ಗಾಳಿಗಿಂತ ಹಗುರವಾಗಿ ಏರುತ್ತಲೇ ಹೋಗುತ್ತದೆ.

3. ಎತ್ತುವ ಶಕ್ತಿ. ಕೆಳಗಿನ ಗಾಳಿಯನ್ನು ಮೊದಲು ಮೇಲಕ್ಕೆ ದೂಡುವ ಕಾರಣವೊಂದು ಬೇಕು. ಶೀತಲ ವಾಯುರಾಶಿಯ ಮುಂಚೂಣಿಯು ಹಲವೊಮ್ಮೆ ಈ ಕೆಲಸ ಮಾಡುತ್ತದೆ.

4. ಎತ್ತರದೊಡನೆ ಗಾಳಿಯ ಬದಲಾವಣೆ. ನೆಲದ ಬಳಿ ಒಂದು ವೇಗ, ಒಂದು ದಿಕ್ಕು. ಮೇಲೆ ಮತ್ತೊಂದು ವೇಗ, ಮತ್ತೊಂದು ದಿಕ್ಕು. ಈ ವ್ಯತ್ಯಾಸದಿಂದ ಗಾಳಿಯು ಅಡ್ಡಲಾಗಿ ಉರುಳೆಯಂತೆ ಸುತ್ತತೊಡಗುತ್ತದೆ. ಮೇಲೇರುವ ಪ್ರವಾಹವು ಆ ಉರುಳೆಯನ್ನು ಎತ್ತಿ ನಿಲ್ಲಿಸಿದಾಗ ಮೋಡವೇ ತಿರುಗುತ್ತದೆ.

‘ಬಿಸಿಗಾಳಿಯೂ ತಣ್ಣನೆಯ ಗಾಳಿಯೂ ಡಿಕ್ಕಿ ಹೊಡೆದರೆ ಸುಂಟರಗಾಳಿ’ ಎಂಬ ವಿವರಣೆ ಬಹು ಪ್ರಚಲಿತವಾಗಿದೆ. ಅದು ಅಪೂರ್ಣ. ಅಂಥ ಸಂಧಿಗಳು ಭೂಮಿಯ ಮೇಲೆ ಪ್ರತಿದಿನವೂ ಉಂಟಾಗುತ್ತವೆ; ಬಹುಪಾಲು ಸಂಧಿಗಳಿಂದ ಸುಂಟರಗಾಳಿ ಹುಟ್ಟುವುದಿಲ್ಲ. ನಾಲ್ಕು ಅಗತ್ಯಗಳೂ ಕೂಡಿದಾಗಲೂ ಪ್ರತಿಯೊಂದು ಮೋಡವೂ ಸುಂಟರಗಾಳಿಯನ್ನು ಇಳಿಸುವುದಿಲ್ಲ.

ಚಳಿಗಾಲದಲ್ಲಿ ಇವು ಕೂಡುವ ಬಗೆ

ವಸಂತ ಋತುವಿನಲ್ಲಿ ಬಿಸಿಲು ನೆಲವನ್ನು ಕಾಯಿಸುವುದರಿಂದ ಅಸ್ಥಿರತೆ ಹೇರಳ. ಚಳಿಗಾಲದಲ್ಲಿ ಅದು ಕಡಿಮೆ. ತೇವಾಂಶವೂ ಸಾಮಾನ್ಯವಾಗಿ ಕಡಿಮೆ. ಆದರೆ ನಾಲ್ಕನೆಯ ಅಗತ್ಯ ಚಳಿಗಾಲದಲ್ಲಿಯೇ ಹೆಚ್ಚು ಬಲವಾಗಿರುತ್ತದೆ. ಧ್ರುವಪ್ರದೇಶಕ್ಕೂ ಉಷ್ಣವಲಯಕ್ಕೂ ಇರುವ ಉಷ್ಣಾಂಶದ ಅಂತರ ಆ ಋತುವಿನಲ್ಲಿ ಹಿಗ್ಗುವುದರಿಂದ, ಮೇಲುಸ್ತರದ ಜೆಟ್ ಪ್ರವಾಹವು ರಭಸಗೊಂಡು ದಕ್ಷಿಣಕ್ಕೆ ಸರಿಯುತ್ತದೆ. ಸಮಶೀತೋಷ್ಣ ವಲಯದ ಆವರ್ತ ಮಾರುತಗಳೂ ಪ್ರಬಲವಾಗುತ್ತವೆ. ಹೀಗಾಗಿ ಎತ್ತುವ ಶಕ್ತಿಗೂ ಗಾಳಿಯ ಬದಲಾವಣೆಗೂ ಕೊರತೆಯಿಲ್ಲ. ಕೊರತೆ ಇರುವುದು ಬೆಚ್ಚನೆಯ ತೇವಗಾಳಿಗೆ ಮಾತ್ರ.

ಆ ಕೊರತೆಯನ್ನು ಅಮೆರಿಕದಲ್ಲಿ ತುಂಬುವುದು ಮೆಕ್ಸಿಕೊ ಕೊಲ್ಲಿ. ಅದರ ನೀರು ಚಳಿಗಾಲದಲ್ಲಿಯೂ ಬೆಚ್ಚಗಿರುತ್ತದೆ. ಆವರ್ತ ಮಾರುತದ ಮುಂದೆ ಬೀಸುವ ದಕ್ಷಿಣದ ಗಾಳಿಯು ಕೊಲ್ಲಿಯ ತೇವವನ್ನು ಒಂದೆರಡು ದಿನಗಳಲ್ಲಿ ನೂರಾರು ಕಿಲೋಮೀಟರ್ ಒಳನಾಡಿಗೆ ಸಾಗಿಸಬಲ್ಲದು. ಆಗ ಡಿಸೆಂಬರಿನಲ್ಲಿಯೂ ಏಪ್ರಿಲ್‌ನಂಥ ಒಂದು ದಿನ ಮೂಡುತ್ತದೆ. ಅಸ್ಥಿರತೆ ಅಲ್ಪವಾಗಿದ್ದರೂ, ಗಾಳಿಯ ಬದಲಾವಣೆ ತೀವ್ರವಾಗಿದ್ದರೆ ಸುಂಟರಗಾಳಿಗೆ ಅದು ಸಾಕಾಗಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕು. ಕೊರೆಯುವ, ಒಣಗಿದ ಚಳಿಯ ಗಾಳಿಯೊಳಗೆ ಇಂಥ ಸುಂಟರಗಾಳಿ ಹುಟ್ಟುವುದಿಲ್ಲ. ಮೇಲಿನ ಗಾಳಿಗೆ ಹೋಲಿಸಿದರೆ ಕೆಳಗಿನ ಗಾಳಿ ಬೆಚ್ಚಗೂ ತೇವವಾಗಿಯೂ ಇರಲೇಬೇಕು.

ಒಂದೇ ವಾರದ ಎರಡು ನಿದರ್ಶನಗಳು

2021ರ ಡಿಸೆಂಬರ್ 10ರಂದು ಒಂದು ದೊಡ್ಡ ಆವರ್ತ ಮಾರುತವು ಅಮೆರಿಕದ ಮಧ್ಯಭಾಗವನ್ನು ದಾಟುತ್ತಿತ್ತು. ಅದರ ಉತ್ತರ ಭಾಗದಲ್ಲಿ, ಮಿನ್ನೆಸೋಟ ರಾಜ್ಯದಲ್ಲಿ, ಭಾರೀ ಹಿಮ ಸುರಿಯಿತು. ಅದೇ ವ್ಯವಸ್ಥೆಯ ದಕ್ಷಿಣ ಭಾಗದಲ್ಲಿ ಕೊಲ್ಲಿಯ ತೇವಗಾಳಿ ಹರಡಿ, ಹಗಲಿನ ಉಷ್ಣಾಂಶವು 20 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ರಾತ್ರಿ ಸುಮಾರು 9 ಗಂಟೆಗೆ ಟೆನೆಸ್ಸಿಯ ವಾಯವ್ಯ ಮೂಲೆಯಲ್ಲಿ ನೆಲ ಮುಟ್ಟಿದ ಸುಂಟರಗಾಳಿಯು, ಕೆಂಟಕಿಯ ಮೇಫೀಲ್ಡ್, ಡಾಸನ್ ಸ್ಪ್ರಿಂಗ್ಸ್ ಪಟ್ಟಣಗಳನ್ನು ಧ್ವಂಸಗೊಳಿಸುತ್ತ, ಸುಮಾರು 3 ಗಂಟೆಗಳಲ್ಲಿ 266 ಕಿಲೋಮೀಟರ್ ಸಾಗಿತು. ಅದರೊಳಗಿನ ಗಾಳಿಯ ಗರಿಷ್ಠ ವೇಗವನ್ನು ಗಂಟೆಗೆ ಸುಮಾರು 306 ಕಿಲೋಮೀಟರ್ ಎಂದು ಅಂದಾಜಿಸಲಾಯಿತು. ಇದು ಪರಿಷ್ಕೃತ ಫುಜಿಟಾ ಮಾಪಕದ 4ನೆಯ ದರ್ಜೆ. ಆ ಮಾಪಕದಲ್ಲಿ 5 ಅತ್ಯುನ್ನತ ದರ್ಜೆ.

ಐದು ದಿನಗಳ ಬಳಿಕ, ಡಿಸೆಂಬರ್ 15ರಂದು, ಹಿಮ ಕಂಡಿದ್ದ ಅದೇ ಮಿನ್ನೆಸೋಟದಲ್ಲಿ ಅಕಾಲಿಕ ಬೆಚ್ಚನೆಯ ಗಾಳಿ ಹರಡಿ, ಸಂಜೆ ಸುಂಟರಗಾಳಿಗಳು ಎದ್ದವು. ಆ ರಾಜ್ಯದ ದಾಖಲೆಗಳಲ್ಲಿ ಡಿಸೆಂಬರ್ ತಿಂಗಳ ಸುಂಟರಗಾಳಿ ಅದೇ ಮೊದಲು. ಹಿಮ ಬೀಳುವ ತಿಂಗಳಲ್ಲಿ ಸುಂಟರಗಾಳಿಯ ಭಯವಿಲ್ಲ ಎಂಬ ನಂಬಿಕೆಯನ್ನು ಪರೀಕ್ಷಿಸಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅಮೆರಿಕದ ಆಚೆಗೂ ಉದಾಹರಣೆಗಳಿವೆ. 2006ರ ಡಿಸೆಂಬರ್ 7ರಂದು ಲಂಡನ್ ನಗರದ ಕೆನ್ಸಲ್ ರೈಸ್ ಬಡಾವಣೆಯಲ್ಲಿ ಎದ್ದ ಸುಂಟರಗಾಳಿಯಿಂದ ಹಲವಾರು ಮನೆಗಳಿಗೆ ಹಾನಿಯಾಯಿತು. 1981ರ ನವೆಂಬರ್ 23ರಂದು ಶೀತಲ ವಾಯುರಾಶಿಯ ಮುಂಚೂಣಿಯೊಂದು ಬ್ರಿಟನ್ನನ್ನು ದಾಟುವಾಗ ಕೆಲವೇ ಗಂಟೆಗಳಲ್ಲಿ ಹತ್ತಾರು ಸುಂಟರಗಾಳಿಗಳು ಎದ್ದವು. ಅವುಗಳಲ್ಲಿ ಹೆಚ್ಚಿನವು ದುರ್ಬಲವಾಗಿದ್ದವು. ಅಲ್ಲಿ ಬೆಚ್ಚನೆಯ ತೇವವನ್ನು ಒದಗಿಸುವುದು ಅಟ್ಲಾಂಟಿಕ್ ಸಾಗರ.

ಅಪಾಯ ಹೆಚ್ಚಲು ಕಾರಣಗಳು

ಚಳಿಗಾಲದ ಸುಂಟರಗಾಳಿಗಳು ಸಂಖ್ಯೆಯಲ್ಲಿ ಕಡಿಮೆ. ಆದರೆ ಎದ್ದಾಗ ಪ್ರಾಣಹಾನಿ ಹೆಚ್ಚಾಗಲು ಕಾರಣಗಳಿವೆ. ಚಳಿಗಾಲದ ರಾತ್ರಿ ದೀರ್ಘ. ವಸಂತದಲ್ಲಿ ಅಸ್ಥಿರತೆಯು ಬಹುಮಟ್ಟಿಗೆ ಹಗಲಿನ ಬಿಸಿಲನ್ನು ಅವಲಂಬಿಸಿರುವುದರಿಂದ ಸಂಜೆಯ ನಂತರ ಅಪಾಯ ತಗ್ಗುವುದುಂಟು. ಚಳಿಗಾಲದಲ್ಲಿ ಮುಖ್ಯ ಪ್ರೇರಣೆ ಆವರ್ತ ಮಾರುತವಾದ್ದರಿಂದ ಮಧ್ಯರಾತ್ರಿಯೂ ಅಪಾಯ ಉಳಿಯುತ್ತದೆ. 2007ರ ಫೆಬ್ರವರಿ 2ರ ನಸುಕಿಗೆ ಮುನ್ನ ಫ್ಲೋರಿಡಾದ ಮಧ್ಯಭಾಗದಲ್ಲಿ ಮಲಗಿದ್ದ 21 ಜನರು ಹೀಗೆಯೇ ಬಲಿಯಾದರು. 2008ರ ಫೆಬ್ರವರಿ 5 ಮತ್ತು 6ರಂದು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಎದ್ದ ಸುಂಟರಗಾಳಿಗಳಿಗೆ 57 ಜನರು ಬಲಿಯಾದರು.

ಜೆಟ್ ಪ್ರವಾಹ ರಭಸವಾಗಿರುವುದರಿಂದ ಮೋಡಗಳು ನೆಲದ ಮೇಲೆ ಬಹುಬೇಗ ಸಾಗುತ್ತವೆ. ಮೋಡದ ತಳ ಕೆಳಗಿದ್ದು, ಮಳೆಯ ತೆರೆಯೂ ಕತ್ತಲೆಯೂ ಸೇರಿದರೆ ಸುಂಟರಗಾಳಿ ಕಣ್ಣಿಗೆ ಬೀಳುವುದಿಲ್ಲ. ಇವೆಲ್ಲಕ್ಕೂ ಮಿಗಿಲಾಗಿ, ‘ಇದು ಅದರ ಕಾಲವಲ್ಲ’ ಎಂಬ ನಂಬಿಕೆ ಜನರನ್ನು ಮೈಮರೆಸುತ್ತದೆ. ಮೇಫೀಲ್ಡಿಗೆ ಎಚ್ಚರಿಕೆ ಮುಂಚಿತವಾಗಿಯೇ ಹೊರಟಿತ್ತು. ಎಚ್ಚರಿಕೆ ಫಲಿಸಬೇಕಾದರೆ ಕೇಳುವವರು ಅದನ್ನು ನಂಬಬೇಕು, ಅಡಗಲು ಗಟ್ಟಿಯಾದ ಸ್ಥಳವೂ ಹತ್ತಿರದಲ್ಲಿರಬೇಕು.

ತರಗತಿಯ ಚಟುವಟಿಕೆಗಳು

ಚಟುವಟಿಕೆ 1. ಪ್ರತಿ ವಿದ್ಯಾರ್ಥಿಯೂ ಎರಡು ಅಂಗೈಗಳ ನಡುವೆ ಪೆನ್ಸಿಲನ್ನು ಅಡ್ಡಲಾಗಿ ಹಿಡಿಯಲಿ. ಕೆಳಗಿನ ಕೈಯನ್ನು ನಿಲ್ಲಿಸಿ ಮೇಲಿನ ಕೈಯನ್ನು ಮುಂದಕ್ಕೆ ಸರಿಸಿದರೆ ಪೆನ್ಸಿಲ್ ಉರುಳುತ್ತದೆ. ಎರಡೂ ಕೈಗಳು ಒಂದೇ ವೇಗದಲ್ಲಿ ಸರಿದರೆ ಉರುಳುವುದಿಲ್ಲ. ಉರುಳುವ ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿದಂತೆ ಕಲ್ಪಿಸಿಕೊಂಡರೆ ತಿರುಗುವ ಮೋಡದ ಚಿತ್ರ ಸಿಗುತ್ತದೆ.

ಚಟುವಟಿಕೆ 2. ದಾರದ ತುದಿಗೆ ರಬ್ಬರಿನ ತುಂಡು ಕಟ್ಟಿ, ದಾರವು ಬೆರಳಿಗೆ ಸುತ್ತಿಕೊಳ್ಳುವಂತೆ ತಿರುಗಿಸಿದರೆ, ದಾರ ಗಿಡ್ಡವಾದಂತೆ ಸುತ್ತುಗಳು ಬೇಗಬೇಗನೆ ಬೀಳುತ್ತವೆ. ತಿರುಗುವ ಗಾಳಿಯ ಕಂಬ ಕಿರಿದಾದಂತೆ ಅದರ ವೇಗ ಏರುವುದನ್ನು ಹೀಗೆ ತೋರಿಸಬಹುದು. ಬಾಟಲಿಯಲ್ಲಿ ನೀರಿನ ಸುಳಿಯನ್ನು ತೋರಿಸುವ ಶಿಕ್ಷಕರು, ಅಲ್ಲಿ ನೀರು ಕೆಳಗಿಳಿಯುತ್ತದೆ, ಸುಂಟರಗಾಳಿಯಲ್ಲಿ ಗಾಳಿ ಮೇಲೇರುತ್ತದೆ ಎಂಬುದನ್ನು ಮರೆಯದೆ ಹೇಳಬೇಕು.

ಚಟುವಟಿಕೆ 3. 266 ಕಿಲೋಮೀಟರನ್ನು 3 ಗಂಟೆಗಳಿಂದ ಭಾಗಿಸಿ, ಸುಂಟರಗಾಳಿ ನೆಲದ ಮೇಲೆ ಸಾಗಿದ ವೇಗವನ್ನು ವಿದ್ಯಾರ್ಥಿಗಳು ಕಂಡುಹಿಡಿಯಲಿ. ಉತ್ತರ ಗಂಟೆಗೆ ಸುಮಾರು 89 ಕಿಲೋಮೀಟರ್. ದಾರಿಯಲ್ಲಿ 15 ಕಿಲೋಮೀಟರ್ ಮುಂದಿರುವ ಊರಿಗೆ ಅದು ಎಷ್ಟು ನಿಮಿಷಗಳಲ್ಲಿ ತಲುಪುತ್ತದೆ? ಸುಮಾರು 10 ನಿಮಿಷ. ನಿದ್ದೆಯಿಂದೆದ್ದ ಕುಟುಂಬವೊಂದು ಆ ಅವಧಿಯಲ್ಲಿ ಏನೇನು ಮಾಡಬಲ್ಲದೆಂದು ಚರ್ಚಿಸಲಿ. ಸಾಗುವ ವೇಗ (89) ಮತ್ತು ಒಳಗೆ ತಿರುಗುವ ಗಾಳಿಯ ವೇಗ (306) ಬೇರೆ ಬೇರೆ ಎಂಬುದನ್ನೂ ಇಲ್ಲಿಯೇ ಸ್ಪಷ್ಟಪಡಿಸಬಹುದು.

ಮೌಲ್ಯಮಾಪನ

‘ಸುಂಟರಗಾಳಿಗಳು ಯಾವ ತಿಂಗಳಲ್ಲಿ ಬೀಸುತ್ತವೆ?’ ಎಂಬ ಪ್ರಶ್ನೆಯು ನೆನಪನ್ನು ಮಾತ್ರ ಅಳೆಯುತ್ತದೆ. ಅದರ ಬದಲು ಈ ಪ್ರಶ್ನೆಗಳನ್ನು ಬಳಸಬಹುದು.

1. ಚಳಿಗಾಲದಲ್ಲಿ ನಾಲ್ಕು ಅಗತ್ಯಗಳಲ್ಲಿ ಯಾವುದು ಸಾಮಾನ್ಯವಾಗಿ ಬಲವಾಗಿರುತ್ತದೆ? ಯಾವುದರ ಕೊರತೆ ಇರುತ್ತದೆ?

2. ಒಂದೇ ಆವರ್ತ ಮಾರುತವು ಒಂದೆಡೆ ಹಿಮವನ್ನೂ ಮತ್ತೊಂದೆಡೆ ಸುಂಟರಗಾಳಿಯನ್ನೂ ಹೇಗೆ ತರಬಲ್ಲದು?

3. ಬಾಂಗ್ಲಾದೇಶದ ದೌಲತ್‌ಪುರ, ಸಾಟೂರಿಯಾ ಪ್ರದೇಶದಲ್ಲಿ 1989ರ ಏಪ್ರಿಲ್ 26ರಂದು ಸುಮಾರು 1,300 ಜನರನ್ನು ಬಲಿತೆಗೆದುಕೊಂಡಿತೆಂದು ಅಂದಾಜಿಸಲಾದ ಸುಂಟರಗಾಳಿ ಎದ್ದಿತು. ಅಲ್ಲಿಗೆ ತೇವಾಂಶವನ್ನು ಒದಗಿಸುವ ಸಮುದ್ರ ಯಾವುದು? ನಕ್ಷೆಯಲ್ಲಿ ಗುರುತಿಸಿರಿ.

4. ‘ಹೊರಗೆ ಚಳಿಯಿದೆ, ಆದ್ದರಿಂದ ಸುಂಟರಗಾಳಿ ಬರುವುದಿಲ್ಲ.’ ಈ ಹೇಳಿಕೆಯನ್ನು ಪರೀಕ್ಷಿಸಿರಿ.

ನಾಲ್ಕನೆಯ ಪ್ರಶ್ನೆಗೆ ‘ತಪ್ಪು’ ಎಂದಷ್ಟೇ ಬರೆದ ಉತ್ತರಕ್ಕೆ ಪೂರ್ಣ ಅಂಕ ಸಲ್ಲದು. ಚಳಿಗಾಲದಲ್ಲಿ ಅದು ಅಪರೂಪವೇಕೆ, ಅಪರೂಪವಾದರೂ ಅಸಾಧ್ಯವಲ್ಲವೇಕೆ ಎಂಬ ಎರಡನ್ನೂ ಬರೆದ ವಿದ್ಯಾರ್ಥಿಗೆ ಪಾಠ ಮನದಟ್ಟಾಗಿದೆ ಎಂದು ಶಿಕ್ಷಕರು ತಿಳಿಯಬಹುದು. ಋತುವನ್ನು ನಂಬಿ ಎಚ್ಚರಿಕೆಯನ್ನು ಅಲಕ್ಷಿಸುವ ಅಭ್ಯಾಸ ಸುಂಟರಗಾಳಿಯೊಂದಕ್ಕೇ ಸೀಮಿತವಲ್ಲ. ಸಿಡಿಲು, ನೆರೆ, ಭೂಕುಸಿತಗಳ ವಿಷಯದಲ್ಲಿಯೂ ಅದು ಕಾಣುತ್ತದೆ. ಕಾರಣವನ್ನು ಕೇಳುವ ಅಭ್ಯಾಸವನ್ನು ಈ ಪಾಠದಲ್ಲಿ ಬೆಳೆಸಿದರೆ, ಆ ಪಾಠಗಳಿಗೂ ಅದು ನೆರವಾಗುತ್ತದೆ.